ಪೀಣ್ಯದಿಂದ ಬೊಮ್ಮಸಂದ್ರದವರೆಗೆ: ಬೆಂಗಳೂರಿನ ಅಂಚಿನಲ್ಲೊಂದು ಪಯಣ

ಬೆಂಗಳೂರಿನ ಸಾರಿಗೆ ಎಂದೊಡನೆ ಮೆಜೆಸ್ಟಿಕ್, ಶಿವಾಜಿನಗರ, ಕೆ.ಆರ್. ಮಾರುಕಟ್ಟೆಗಳ ಬಸ್ ನಿಲ್ದಾಣಗಳು ನೆನಪಿಗೆ ಬರುವುದು ರೂಢಿಯಾದರೂ, ಈ ಮಹಾನಗರದ ದುಡಿಮೆಯ ದೊಡ್ಡ ಪಾಲು ಇಂದು ಅದರ ಅಂಚಿನಲ್ಲಿ, ಎಂದರೆ ವಾಯವ್ಯದ ಪೀಣ್ಯ, ಪೂರ್ವದ ವೈಟ್‌ಫೀಲ್ಡ್ ಹಾಗೂ ದಕ್ಷಿಣದ ಎಲೆಕ್ಟ್ರಾನಿಕ್ ಸಿಟಿಗಳಲ್ಲಿ ನಡೆಯುತ್ತಿದೆ. ರಾಯಚೂರು, ಕಲಬುರಗಿಗಳಿಂದಲೋ ಒಡಿಶಾ, ಬಿಹಾರಗಳಿಂದಲೋ ಕೆಲಸ ಹುಡುಕಿಕೊಂಡು ಬಂದವರಿಗೆ ಇದು ಮೊದಲಿಗೆ ಪರಸ್ಥಳವೇ. ಸ್ವಂತ ವಾಹನವಿಲ್ಲದ ಅಂಥವರು ಊರನ್ನು ಅರಿಯುವುದು ಬಸ್ಸಿನ ಸಂಖ್ಯೆ, ಮೆಟ್ರೋದ ಬಣ್ಣ ಮತ್ತು ಆಟೋ ನಿಲ್ಲುವ ತಿರುವುಗಳ ಮೂಲಕ. ಈ ಮೂರು ಅಂಚುಗಳನ್ನು ಸಾರ್ವಜನಿಕ ಸಾರಿಗೆಯಲ್ಲೇ ಸುತ್ತಿ ಬಂದರೆ ನಗರ ಯಾರಿಗಾಗಿ, ಯಾವ ಕ್ರಮದಲ್ಲಿ ಬೆಳೆಯಿತೆಂಬುದು ಸ್ಪಷ್ಟವಾಗುತ್ತದೆ.

ಪಯಣವನ್ನು ಪೀಣ್ಯದಿಂದ ಆರಂಭಿಸುವುದು ಉಚಿತ. 1970ರ ದಶಕದಲ್ಲಿ ರೂಪುಗೊಂಡ ಈ ಕೈಗಾರಿಕಾ ಪ್ರದೇಶದಲ್ಲಿ ಲೇತು, ಪ್ರೆಸ್ಸು, ಎರಕದ ಕೆಲಸಗಳ ಸಣ್ಣ ಕಾರ್ಖಾನೆಗಳೂ ಸಿದ್ಧ ಉಡುಪಿನ ಘಟಕಗಳೂ ಒತ್ತೊತ್ತಾಗಿ ನಿಂತಿದ್ದು, ಪಾಳಿ ಬದಲಾಗುವ ಹೊತ್ತಿಗೆ ಊಟದ ಡಬ್ಬಿಯ ಚೀಲ ಹಿಡಿದ ಕಾರ್ಮಿಕರಿಂದ ರಸ್ತೆಗಳು ತುಂಬುತ್ತವೆ. ಬೆಂಗಳೂರಿನ ಮೆಟ್ರೋ 2011ರ ಅಕ್ಟೋಬರ್ 20ರಂದು ಬೈಯಪ್ಪನಹಳ್ಳಿ ಮತ್ತು ಎಂ.ಜಿ. ರಸ್ತೆಗಳ ನಡುವೆ, ಇಂದಿನ ನೇರಳೆ ಮಾರ್ಗದಲ್ಲಿ, ಮೊದಲು ಓಡಿತು. ಹಸಿರು ಮಾರ್ಗದ ಮೊದಲ ತುಂಡು 2014ರ ಮಾರ್ಚ್ 1ರಂದು ಸಂಪಿಗೆ ರಸ್ತೆಯಿಂದ ಪೀಣ್ಯ ಇಂಡಸ್ಟ್ರಿಯವರೆಗೆ ತೆರೆದುಕೊಂಡಿತು. ಎರಡನೆಯ ಮಾರ್ಗದ ಆರಂಭದಲ್ಲೇ ಕೈಗಾರಿಕಾ ಪ್ರದೇಶವೊಂದಕ್ಕೆ ಸ್ಥಾನ ಸಿಕ್ಕಿತೆಂಬುದು ಗಮನಾರ್ಹ. ಮುಂದೆ ಈ ಮಾರ್ಗ ನಾಗಸಂದ್ರಕ್ಕೂ, 2024ರ ನವೆಂಬರ್‌ನಲ್ಲಿ ಮಾದಾವರಕ್ಕೂ ಬೆಳೆಯಿತು.

ನಿಲ್ದಾಣದೊಳಗಿನ ವ್ಯವಸ್ಥೆ ಹೊಸಬರಿಗೆ ಬೇಗ ಕೈವಶವಾಗುವಂಥದು. ಒಂದು ಸಲದ ಪ್ರಯಾಣಕ್ಕೆ ಕೊಡುವ ಟೋಕನ್ ನಾಣ್ಯದಾಕಾರದ ಪ್ಲಾಸ್ಟಿಕ್ ಬಿಲ್ಲೆಯಾಗಿದ್ದು, ಒಳಗೆ ಹೋಗುವಾಗ ಅದನ್ನು ಗೇಟಿನ ಮೇಲೆ ಸೋಕಿಸಬೇಕು, ಹೊರಗೆ ಬರುವಾಗ ಕಿಂಡಿಯೊಳಗೆ ಹಾಕಬೇಕು. ಮೊದಲ ಬಾರಿ ಬಂದವರು ಅದನ್ನು ಟಿಕೆಟ್ಟಿನಂತೆ ಜೇಬಿನಲ್ಲಿ ಇಟ್ಟುಕೊಳ್ಳಲು ಹೋಗುವುದೂ, ಹಿಂದೆ ನಿಂತವರು ಕಿಂಡಿ ತೋರಿಸುವುದೂ ದಿನನಿತ್ಯದ ದೃಶ್ಯ. ಮುಂಗಡ ಹಣ ತುಂಬಿದ ಸ್ಮಾರ್ಟ್ ಕಾರ್ಡು ಹಾಗೂ ಮೊಬೈಲಿನಲ್ಲಿ ಪಡೆಯುವ ಕ್ಯೂಆರ್ ಟಿಕೆಟ್ಟುಗಳು ಸಾಲಿನಲ್ಲಿ ನಿಲ್ಲುವ ಹೊತ್ತನ್ನು ಉಳಿಸುತ್ತವೆ.

ಪೀಣ್ಯದಿಂದ ಗೊರಗುಂಟೆಪಾಳ್ಯ, ಯಶವಂತಪುರ, ರಾಜಾಜಿನಗರಗಳನ್ನು ದಾಟಿ ಬರುವ ಹಸಿರು ಮಾರ್ಗ, ಮೆಜೆಸ್ಟಿಕ್‌ನಲ್ಲಿ ನೆಲದಡಿಯಲ್ಲಿ ನೇರಳೆ ಮಾರ್ಗವನ್ನು ಸಂಧಿಸುತ್ತದೆ. ಎರಡರ ವೇದಿಕೆಗಳೂ ಬೇರೆ ಬೇರೆ ಅಂತಸ್ತಿನಲ್ಲಿ ಇರುವುದರಿಂದ ನೆಲದ ಮೇಲಿನ ಬಣ್ಣದ ಗುರುತುಗಳನ್ನು ಅನುಸರಿಸಿ ಮೆಟ್ಟಿಲು ಹಿಡಿದರೆ ಮಾರ್ಗ ಬದಲಿಸಿದಂತಾಗುತ್ತದೆ. ಅಲ್ಲಿಂದ ಪೂರ್ವಕ್ಕೆ ಹೊರಟ ರೈಲು ಇಂದು ವೈಟ್‌ಫೀಲ್ಡ್‌ವರೆಗೆ ತಡೆಯಿಲ್ಲದೆ ಸಾಗುತ್ತದೆಯಾದರೂ, 2023ರಲ್ಲಿ ಕೆಲವು ತಿಂಗಳು ಅದು ಹಾಗಿರಲಿಲ್ಲ. ಆ ವರ್ಷದ ಮಾರ್ಚ್ 25ರಂದು ವೈಟ್‌ಫೀಲ್ಡ್‌ನಿಂದ ಕೆ.ಆರ್. ಪುರದವರೆಗಿನ ಭಾಗ ಉದ್ಘಾಟನೆಗೊಂಡಾಗ, ಕೆ.ಆರ್. ಪುರದಿಂದ ಬೈಯಪ್ಪನಹಳ್ಳಿಗೆ ಹಳಿ ಕೂಡಿರಲಿಲ್ಲ. ಪ್ರಯಾಣಿಕರು ರೈಲಿನಿಂದ ಇಳಿದು, ಸಂಪರ್ಕ ಬಸ್ಸು ಹಿಡಿದು, ಟಿನ್ ಫ್ಯಾಕ್ಟರಿಯ ದಟ್ಟಣೆಯನ್ನು ಹಾದು, ಮತ್ತೆ ರೈಲು ಹತ್ತಬೇಕಾಗಿತ್ತು. ಅಕ್ಟೋಬರ್ 9ರಂದು ಆ ಸಣ್ಣ ಕೊಂಡಿ ಕೂಡಿದ ಮೇಲೆಯೇ ಇಡೀ ಮಾರ್ಗ ಪೂರ್ಣ ಅರ್ಥದಲ್ಲಿ ಬಳಕೆಗೆ ಬಂದಿತು. ಸಾರಿಗೆಯ ಬೆಲೆ ಹಳಿಯ ಉದ್ದದಲ್ಲಿಲ್ಲ, ಕೊಂಡಿಗಳಲ್ಲಿದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಕಿಲ್ಲ.

ವೈಟ್‌ಫೀಲ್ಡ್‌ಗೆ ರೈಲು ಹೊಸದೇನಲ್ಲ. ಜೋಲಾರಪೇಟೆಯಿಂದ ಬೆಂಗಳೂರು ದಂಡಿಗೆ 1864ರಲ್ಲಿ ಬಂದ ಹಳಿ ಇದೇ ದಿಕ್ಕಿನಲ್ಲಿ ಹಾದುಹೋಗಿತ್ತು. 1880ರ ದಶಕದಲ್ಲಿ ಮೈಸೂರು ಅರಸರು ನೀಡಿದ ಭೂಮಿಯಲ್ಲಿ ಆಂಗ್ಲೋ ಇಂಡಿಯನ್ ಸಮುದಾಯದವರು ಕೃಷಿ ನೆಲೆಯೊಂದನ್ನು ಕಟ್ಟಿಕೊಂಡರು, ಅದರ ಮುಂದಾಳು ಡಿ.ಎಸ್. ವೈಟ್ ಅವರಿಂದಲೇ ಊರಿಗೆ ಈ ಹೆಸರು ಬಂದಿತು. 1990ರ ದಶಕದಲ್ಲಿ ಐಟಿಪಿಎಲ್ ಎಂದು ಕರೆಯಲ್ಪಡುವ ತಂತ್ರಜ್ಞಾನ ಪಾರ್ಕು ತಲೆಯೆತ್ತಿದ ಬಳಿಕ ಹೂಡಿ, ಕುಂದಲಹಳ್ಳಿ, ನಲ್ಲೂರುಹಳ್ಳಿ, ಪಟ್ಟಂದೂರು ಅಗ್ರಹಾರಗಳು ಗಾಜಿನ ಕಟ್ಟಡಗಳ ನಡುವೆ ಸೇರಿಹೋದವು. ಅವುಗಳ ಹೆಸರು ಇಂದು ಮೆಟ್ರೋ ಘೋಷಣೆಯಲ್ಲಿ ದಿನವೂ ಕೇಳಿಬರುತ್ತದೆ. ಆದರೆ ನಿಲ್ದಾಣದಿಂದ ಇಳಿದ ಮೇಲಿನ ಕೊನೆಯ ಒಂದೆರಡು ಕಿಲೋಮೀಟರ್ ಇನ್ನೂ ಕಷ್ಟದ್ದೇ. ಕಂಪನಿಯ ಕ್ಯಾಬು, ಮೆಟ್ರೋ ಸಂಪರ್ಕಕ್ಕೆಂದೇ ಬಿಡುವ ಬಸ್ಸು, ತಲೆಗಿಷ್ಟೆಂದು ಹಣ ಪಡೆಯುವ ಷೇರ್ ಆಟೋ, ಇವುಗಳಲ್ಲಿ ಒಂದೂ ಸಿಗದವರು ಪಾದಚಾರಿ ಮಾರ್ಗವೇ ಮುಗಿದುಹೋದ ಕಡೆಗಳಲ್ಲಿ ವಾಹನಗಳ ಮಗ್ಗುಲಲ್ಲೇ ನಡೆಯುತ್ತಾರೆ.

ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಹೋಗಬೇಕಾದಾಗ ಮೆಟ್ರೋದ ಮಿತಿ ಅರಿವಾಗುತ್ತದೆ. ವೈಟ್‌ಫೀಲ್ಡ್‌ನಿಂದ ಎಲೆಕ್ಟ್ರಾನಿಕ್ ಸಿಟಿಗೆ ಮೆಟ್ರೋದಲ್ಲೇ ಹೋಗುವವರು ನಗರದ ನಡುಮಧ್ಯದ ಮೆಜೆಸ್ಟಿಕ್‌ವರೆಗೆ ಬಂದು, ಅಲ್ಲೊಮ್ಮೆ, ಆರ್.ವಿ. ರಸ್ತೆಯಲ್ಲಿ ಇನ್ನೊಮ್ಮೆ ಮಾರ್ಗ ಬದಲಿಸಿ ಸುತ್ತಿಕೊಂಡು ಹೋಗಬೇಕು. ಆದ್ದರಿಂದ ಹಲವರು ಕೆ.ಆರ್. ಪುರದಲ್ಲಿ ಇಳಿದು ಹೊರವರ್ತುಲ ರಸ್ತೆಯ ಬಸ್ಸನ್ನೇ ನೆಚ್ಚುತ್ತಾರೆ. ಕೆಎಸ್‌ಆರ್‌ಟಿಸಿಯಿಂದ 1997ರಲ್ಲಿ ಬೇರ್ಪಟ್ಟ ಬಿಎಂಟಿಸಿಯ ಹೆಸರಾಂತ ಮಾರ್ಗಗಳಲ್ಲಿ ಒಂದಾದ 500ಡಿ, ಹೆಬ್ಬಾಳದಿಂದ ಮಾರತಹಳ್ಳಿ, ಬೆಳ್ಳಂದೂರುಗಳ ಮೂಲಕ ಸಿಲ್ಕ್ ಬೋರ್ಡ್ ತಲುಪುತ್ತದೆ. ಸಂಜೆಯ ಈ ಬಸ್ಸಿನಲ್ಲಿ ಕೊರಳಿಗೆ ಗುರುತಿನ ಚೀಟಿ ತೂಗುಬಿಟ್ಟ ಇಂಜಿನಿಯರ್, ಕಚೇರಿ ಗುಡಿಸಿ ಒರೆಸುವ ಕೆಲಸ ಮುಗಿಸಿದ ಹೆಂಗಸು, ಸೆಕ್ಯುರಿಟಿ ಸಮವಸ್ತ್ರದ ಯುವಕ ಒಂದೇ ಕಂಬಿ ಹಿಡಿದು ನಿಲ್ಲುತ್ತಾರೆ. ಕಂಡಕ್ಟರ್ "ಒಳಗಡೆ ನಡೀರಿ, ಬಾಗಿಲಲ್ಲಿ ನಿಲ್ಲಬೇಡಿ" ಎನ್ನುತ್ತಲೇ ಒಬ್ಬರಿಗೆ ಚಿಲ್ಲರೆ ಎಣಿಸಿ, ಮತ್ತೊಬ್ಬರ ಮೊಬೈಲ್ ಪಾವತಿಯನ್ನು ನೋಡಿ, ಮಹಿಳೆಯರಿಗೆ ಶೂನ್ಯ ಮೊತ್ತದ ಟಿಕೆಟ್ ಹರಿದುಕೊಡುತ್ತಾರೆ. 2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯಡಿ ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣ ಉಚಿತ. ಹವಾನಿಯಂತ್ರಿತ ವಜ್ರ ಬಸ್ಸುಗಳಿಗೆ ಅದು ಅನ್ವಯಿಸುವುದಿಲ್ಲ.

ಸಿಲ್ಕ್ ಬೋರ್ಡ್‌ನಿಂದ ಮುಂದಕ್ಕೆ ಹಳದಿ ಮಾರ್ಗ ಸಿಗುತ್ತದೆ. ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗೆ 16 ನಿಲ್ದಾಣಗಳುಳ್ಳ, ಸುಮಾರು 19 ಕಿ.ಮೀ. ಉದ್ದದ ಈ ಮಾರ್ಗ 2025ರ ಆಗಸ್ಟ್ 10ರಂದು ಉದ್ಘಾಟನೆಗೊಂಡಿತು. ಹಳಿ ಸಿದ್ಧವಾಗಿಯೂ ರೈಲುಗಳು ಸಾಕಷ್ಟು ಬಂದಿರದ ಕಾರಣ ಆರಂಭದಲ್ಲಿ 25 ನಿಮಿಷಕ್ಕೊಂದರಂತೆ ಮಾತ್ರ ಓಡಿಸಬೇಕಾಯಿತು. ರಾಗಿಗುಡ್ಡದಿಂದ ಸಿಲ್ಕ್ ಬೋರ್ಡ್‌ವರೆಗೆ ಒಂದೇ ಕಂಬಸಾಲಿನ ಮೇಲೆ ವಾಹನಗಳಿಗೊಂದು, ಅದರ ಮೇಲೆ ಮೆಟ್ರೋಗೊಂದು ಎಂದು ಎರಡು ಅಂತಸ್ತಿನ ಮೇಲ್ಸೇತುವೆ ಕಟ್ಟಿರುವುದು ಇಲ್ಲಿನ ವಿಶೇಷ. ಕಿಯೋನಿಕ್ಸ್ ಸಂಸ್ಥೆಯ ಆರ್.ಕೆ. ಬಾಳಿಗ ಅವರ ಕನಸಿನಂತೆ 1970ರ ದಶಕದ ಕೊನೆಯಲ್ಲಿ ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿ ಹುಟ್ಟಿತು. 2010ರಲ್ಲಿ ಅಲ್ಲಿಗೆ ಸುಂಕ ಕೊಟ್ಟು ಓಡಾಡುವ ಮೇಲ್ಸೇತುವೆ ಬಂದಿತು, ಮೆಟ್ರೋ ಬಂದದ್ದು ಅದಾಗಿ ಹದಿನೈದು ವರ್ಷಕ್ಕೆ. ಕಾರಿನವರಿಗೆ ಮೊದಲು, ಬಸ್ಸಿನವರಿಗೆ ಆಮೇಲೆ ಎಂಬ ಈ ಕ್ರಮವೇ ಹೊಸೂರು ರಸ್ತೆಯ ದಟ್ಟಣೆಯನ್ನು ಬೆಳೆಸಿತು.

ಮೂರೂ ಅಂಚುಗಳಿಗೆ ಇಂದು ಹಳಿ ತಲುಪಿರುವುದು ನಿಜವಾಗಿಯೂ ದೊಡ್ಡ ಸಾಧನೆ. ಆದರೆ ಅಂಚುಗಳನ್ನು ಪರಸ್ಪರ ಬೆಸೆಯುವ ಕೆಲಸ ಉಳಿದಿದೆ. ಸಿಲ್ಕ್ ಬೋರ್ಡ್‌ನಿಂದ ಕೆ.ಆರ್. ಪುರದವರೆಗೆ ನಿರ್ಮಾಣಕ್ಕೆ ತೆಗೆದುಕೊಂಡಿರುವ ನೀಲಿ ಮಾರ್ಗ ಅದರ ಒಂದು ಭಾಗ ಮಾತ್ರ. ಪ್ರತಿ ನಿಲ್ದಾಣದ ಸುತ್ತ ನಡೆದಾಡಲು ಯೋಗ್ಯವಾದ ಪಾದಚಾರಿ ಮಾರ್ಗ, ರೈಲಿನ ಹೊತ್ತಿಗೆ ಹೊಂದುವ ಸಂಪರ್ಕ ಬಸ್ಸು, ರಾತ್ರಿ ಪಾಳಿಯವರಿಗೂ ಸಿಗುವ ಸೇವೆ, ಇವು ಹೊಸ ಮಾರ್ಗಗಳಷ್ಟೇ ತುರ್ತಿನವು, ಅವುಗಳಿಗಿಂತ ಬಹಳ ಅಗ್ಗದವು. ನಗರವನ್ನು ದುಡಿದು ನಡೆಸುವವರಿಗೆ ಮನೆಬಾಗಿಲಿನಿಂದ ಕೆಲಸದ ಬಾಗಿಲಿನವರೆಗೆ ನೆಮ್ಮದಿಯ ದಾರಿ ಕೊಡುವುದು ಆಡಳಿತದ ಮೊದಲ ಹೊಣೆಯಾಗಲಿ.