ಹಳೇ ಅರಿವಿಯ ಬೇತ್ಲೆಹೇಮು

ಡಿಸೆಂಬರ್ ಬಂತೆಂದರೆ ಬೆಟಗೇರಿಯ ನಮ್ಮ ಮನೆಯಲ್ಲಿ ಹಗ್ಗದ ಮೇಲಿನ ಅರಿವಿಗೆ ಭದ್ರತೆಯೇ ಇರುತ್ತಿರಲಿಲ್ಲ. ಅಜ್ಜನ ಧೋತರ ಎಲ್ಲೋ ಒಂದು ಕಡೆ ಪಿಸಿದರೆ ಸಾಕು, ಅವ್ವನ ಕಣ್ಣು ಅದರ ಮೇಲೆ ಬಿತ್ತು. ‘ಇನ್ನೊಂದು ವರ್ಷ ತಡೀತೈತಿ ಬಿಡವಾ’ ಎಂದು ಅಜ್ಜ ಅಂದರೆ, ‘ನೀವು ಉಟ್ಟದ್ದು ಸಾಕ್ರಿ ಮಾವಾರ, ಈ ಸಲ ಗಬ್ರಿಯೇಲ ಉಡ್ಲಿ’ ಎಂದು ಅವ್ವ ಮಡಚಿ ಒಳಗಿಡುತ್ತಿದ್ದಳು. ಸ್ವರ್ಗದ ದೂತನ ಹೆಸರು ಕೇಳಿದ ಮೇಲೆ ಅಜ್ಜ ಬಾಯಿ ತೆಗೆಯುವ ಹಾಗಿರಲಿಲ್ಲ.

ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು, 1837ರಲ್ಲಿ ಧಾರವಾಡಕ್ಕೆ, 1841ರಲ್ಲಿ ನಮ್ಮ ಬೆಟಗೇರಿಗೆ. ಕತೆ ತಂದರು, ಹಾಡು ತಂದರು. ವೇಷ ಮಾತ್ರ ನಮ್ಮ ಮನೆಗಳ ಟ್ರಂಕಿನಿಂದಲೇ ಹೊರಡಬೇಕಾಯಿತು. ನಾನು ಕಂಡಿದ್ದು 1970ರ ದಶಕದ ಮಾತು. ರವಿವಾರ ಶಾಲೆಯ ಅಕ್ಕೋರು ನವೆಂಬರ್ ಕೊನೆಗೆ ಕ್ರಿಸ್ಮಸ್ ನಾಟಕದ ಪಾತ್ರ ಹಂಚುತ್ತಿದ್ದರು. ಮರುದಿನದಿಂದ ಸಂಜೆ ನಮ್ಮ ಪಡಸಾಲೆಯಲ್ಲಿ ನಾಲ್ಕೈದು ಹೆಣ್ಣುಮಕ್ಕಳು ಸೇರುತ್ತಿದ್ದರು. ನಡುವೆ ಅವ್ವನ ಸಿಂಗರ್ ಕೈಮಿಷನ್. ಓಣಿಯ ಆಚೆ ನೇಕಾರರ ಮಗ್ಗಗಳ ಸಪ್ಪಳ. ಆ ಸಪ್ಪಳಕ್ಕೆ ತಾಳ ಹಾಕಿದಂತೆ ಮಿಷನ್ನಿನ ಹಿಡಿಕೆ ತಿರುಗಿಸುವ ಕೆಲಸ ನನ್ನದು.

ಆ ಹೆಣ್ಣುಮಕ್ಕಳಲ್ಲೊಂದು ಕಟ್ಟಳೆ ಇತ್ತು: ಕೇಳಿ ತಂದ ಅರಿವಿಗೆ ಕತ್ತರಿ ಹಾಕಬಾರದು. ಕೊಟ್ಟವರು ಹಬ್ಬ ಮುಗಿದ ಮೇಲೆ ಉಡಬೇಕಲ್ಲ! ಹಾಗಾಗಿ ಎಲ್ಲ ಮಡಿಕೆಯ ಆಟ. ಉದ್ದ ಹೆಚ್ಚಾಯಿತೇ, ಸೊಂಟದಲ್ಲಿ ಮಡಚಿ ಲಾಡಿ ಕಟ್ಟು. ಅಗಲ ಹೆಚ್ಚಾಯಿತೇ, ಬೆನ್ನಿನಲ್ಲಿ ನೆರಿಗೆ ಹಿಡಿದು ಕಚ್ಚಾ ಹೊಲಿಗೆ ಹಾಕು. ದಾರ ಎಳೆದರೆ ಒಂದೇ ಏಟಿಗೆ ಬಿಚ್ಚಿ ಬರಬೇಕು. ನಿಜವಾಗಿ ಕತ್ತರಿಸಿ ಹೊಲಿಯುತ್ತಿದ್ದದ್ದು ಹರಿದು ಜೀವ ಹೋದ ಬಟ್ಟೆಯನ್ನು ಮಾತ್ರ. ಈಗಿನ ಹೊಲಿಗೆ ತರಬೇತಿಯಲ್ಲಿ ಅಳತೆ ಹಿಡಿದು ಕತ್ತರಿಸುವುದನ್ನು ಕಲಿಸುತ್ತಾರೆ. ನಾನು ಕತ್ತರಿಸದೇ ಇರುವುದನ್ನು ಮೊದಲು ಕಲಿತೆ.

ದೂತರಿಗೆ ಬಿಳಿ ಬೇಕು. ಅದಕ್ಕೆ ಆಸ್ಪತ್ರೆಯ ಸಿಸ್ಟರುಗಳ ಹಳೇ ಬಿಳಿ ಸೀರೆ. ಒಂದು ಸೀರೆಯಲ್ಲಿ ಮೂರು ದೂತರು ಆರಾಮಾಗಿ ಆಗುತ್ತಿದ್ದರು, ಬಡಕಲು ಹುಡುಗಿಯರಿದ್ದರೆ ನಾಲ್ಕು. ರೆಕ್ಕೆಗೆ ತಂತಿ ಬಗ್ಗಿಸಿ, ಗಂಜಿಯಲ್ಲಿ ಅದ್ದಿದ ಗಾಜ್ ಬಟ್ಟೆಯನ್ನು ಎಳೆದು ಕಟ್ಟಿ ಬಿಸಿಲಿಗಿಟ್ಟರೆ ಸೆಟೆದು ನಿಲ್ಲುತ್ತಿತ್ತು. ಒಮ್ಮೆ ಇಲಿ ಗಂಜಿಯ ವಾಸನೆಗೆ ಬಂದು ಒಂದು ರೆಕ್ಕೆಯನ್ನು ಅರ್ಧ ತಿಂದು ಹಾಕಿತ್ತು. ಆ ವರ್ಷದ ದೂತ ಗೋಡೆಗೆ ಒಂದು ಮಗ್ಗಲು ಒತ್ತಿ ನಿಂತೇ ಸುವಾರ್ತೆ ಸಾರಿದ.

ಮರಿಯಳಿಗೆ ನೀಲಿ ಮುಸುಕು. ನೀಲಿ ಬಟ್ಟೆ ಯಾರ ಮನೆಯಲ್ಲೂ ಬಿಡಿಯಾಗಿ ಇರುತ್ತಿರಲಿಲ್ಲ. ಅವ್ವ ಬಕೆಟ್ಟಿಗೆ ರಾಬಿನ್ ನೀಲಿಯನ್ನು ಕೈಬಿಟ್ಟು ಸುರಿದು ಧೋತರದ ತುಂಡನ್ನು ಅದ್ದುತ್ತಿದ್ದಳು. ಅದು ಒಂದೇ ಸಮ ಹಿಡಿಯುತ್ತಿರಲಿಲ್ಲ. ಒಂದು ಕಡೆ ಮಳೆಗಾಲದ ಮೋಡ, ಒಂದು ಕಡೆ ಬೇಸಿಗೆಯ ಬಾನು. ಯುರೋಪಿನ ಚಿತ್ರಕಾರರು ಅಫಘಾನಿಸ್ತಾನದ ಗಣಿಯಿಂದ ಬಂದ ನೀಲಿ ಕಲ್ಲನ್ನು ಅರೆದು ಮರಿಯಳ ಮೇಲುಹೊದಿಕೆಗೆ ಬಣ್ಣ ಹಚ್ಚುತ್ತಿದ್ದರೆಂದು ಎಷ್ಟೋ ವರ್ಷಗಳ ನಂತರ ಓದಿದೆ. ನಮ್ಮ ಮರಿಯಳ ಕಿವಿಯ ಮೇಲೂ ಕತ್ತಿನ ಮೇಲೂ ಎರಡು ದಿನ ನೀಲಿ ಉಳಿಯುತ್ತಿತ್ತು.

ಕುರುಬರಿಗೆ ಹೊಲಿಯುವುದೇ ಬೇಡ. ಬೇತ್ಲೆಹೇಮಿನ ಕುರುಬರು ಏನು ಹೊದೆದಿದ್ದರೋ, ನಮ್ಮ ಕುರುಬರ ಹೆಗಲ ಮೇಲಂತೂ ಕರೀ ಕಂಬಳಿ ಇತ್ತು. ಹಿಂದಿನ ಓಣಿಯ ಮನೆಯೊಂದರಿಂದ ಮೂರು ಕಂಬಳಿ ಬರುತ್ತಿದ್ದವು, ಕುರಿಯ ವಾಸನೆಯ ಸಮೇತ. ಉಣ್ಣೆ ಚುಚ್ಚಿ ಹುಡುಗರು ತುರಿಸಿಕೊಳ್ಳುತ್ತಲೇ ದೂತನ ಮಾತು ಕೇಳಿ ಬೆದರಿದಂತೆ ನಟಿಸಬೇಕು. ಕಂಬಳಿ ಕೊಟ್ಟ ಅಜ್ಜ ಹಿಂದಿನ ಸಾಲಿನಲ್ಲಿ ಕೂತು ನೋಡುತ್ತಿದ್ದ. ನಾಟಕದ ನಡುವೆಯೇ ಒಮ್ಮೆ ಎದ್ದು, ‘ಲೇ ತಮ್ಮಾ, ಕೋಲು ಹಂಗ ಹಿಡಿದ್ರ ಕುರಿ ನಿನ್ನ ಮಾತು ಕೇಳೂದಿಲ್ಲ’ ಎಂದು ಕೂಗಿ ಹೇಳಿದ. ಕುರಿಗಳು ಕೂಡ ನಕ್ಕವು. ಅವು ಬನಿಯನ್ನಿಗೆ ಗೋಂದು ಹಚ್ಚಿ ಹತ್ತಿ ಅಂಟಿಸಿಕೊಂಡಿದ್ದ ಒಂದನೇ ಇಯತ್ತೆಯ ಮಕ್ಕಳು. ಹತ್ತಿಯ ಸೀಮೆ ನಮ್ಮದು, ಅದಕ್ಕೇನೂ ಬರ ಇರಲಿಲ್ಲ.

ಎಲ್ಲಕ್ಕಿಂತ ಹೆಚ್ಚು ಜಗಳ ಜೋಯಿಸರ ಪಾತ್ರಕ್ಕೆ. ನಮ್ಮ ಹಳೇ ಬೈಬಲಿನಲ್ಲಿ ಮೂಡಣ ದೇಶದಿಂದ ಬಂದವರು ರಾಜರಲ್ಲ, ಜೋಯಿಸರು. ಆದರೆ ಅವರಿಗೆ ಸಿಗುತ್ತಿದ್ದದ್ದು ಇಳಕಲ್ ಸೀರೆಯ ಸೆರಗು! ಇಳಕಲ್ಲಿನ ಸೀರೆಯಲ್ಲಿ ಒಡಲು ಹತ್ತಿ, ಸೆರಗು ಕೆಂಪು ರೇಷ್ಮೆ. ಮಗ್ಗದ ಮೇಲೆ ಎರಡೂ ಹಾಸನ್ನು ಕೊಂಡಿ ಹಾಕಿ ಕೂಡಿಸುತ್ತಾರೆ. ವರ್ಷಗಟ್ಟಲೆ ಉಟ್ಟು ಒಡಲು ಜಾಳಾದರೂ ಸೆರಗು ಗಟ್ಟಿ ಇರುತ್ತದೆ. ಅಂಥ ಸೆರಗನ್ನು ಬಿಡಿಸಿ ಹೆಗಲಿನಿಂದ ಇಳಿಬಿಟ್ಟರೆ ಹತ್ತು ವರ್ಷದ ಹುಡುಗನೂ ಒಂಟೆ ಇಳಿದು ಬಂದವನಂತೆ ಕಾಣುತ್ತಿದ್ದ. ತಲೆಗೆ ರಟ್ಟಿನ ಪಟ್ಟಿ, ಮೇಲೆ ಬೇಗಡೆ. ಕೈಯಲ್ಲಿ ಬಂಗಾರ, ಧೂಪ, ರಕ್ತಬೋಳ: ಕುಂಕುಮದ ಭರಣಿ, ಪೌಡರ್ ಡಬ್ಬಿ, ಅಕ್ಕೋರ ಹೊಲಿಗೆ ಡಬ್ಬಿ. ಒಂದು ವರ್ಷ ಪಾತ್ರ ಸಿಗದ ಇಬ್ಬರು ಅತ್ತು ರಂಪ ಮಾಡಿದರು. ಸಭಾಪಾಲಕರು ಮತ್ತಾಯನ ಸುವಾರ್ತೆ ತೆರೆದು, ಅಲ್ಲಿ ಎಷ್ಟು ಮಂದಿ ಅಂತ ಲೆಕ್ಕ ಬರೆದಿಲ್ಲ ಎಂದು ತೀರ್ಪು ಕೊಟ್ಟರು. ಆ ಸಲ ಐವರು ಜೋಯಿಸರು ಬಂದರು. ಸೆರಗುಗಳು ಐದಿದ್ದವು, ಅಷ್ಟೇ.

ಆ ವೇಷಗಳು ಚೆಂದ ಇದ್ದವು ಎಂದು ನಾನು ಹೇಳಲಾರೆ. ಫೋಟೋ ಒಂದಿದೆ, ನೋಡಿದರೆ ನಗು ಬರುತ್ತದೆ. ಆದರೆ ದೇವಾಲಯದಲ್ಲಿ ಕೂತವರಿಗೆ ಪ್ರತಿ ಅರಿವಿಯ ಗುರುತೂ ಇತ್ತು. ಯೋಸೇಫ ಬಾಗಿಲಲ್ಲಿ ಕಾಣಿಸಿಕೊಂಡಾಗ ‘ಅಗಾ, ನಮ್ಮ ಪರದೆ’ ಎಂಬ ಪಿಸುಮಾತು. ಒಂದು ವರ್ಷ ಯೋಸೇಫನ ತಲೆಗೆ ಸುತ್ತಿದ್ದು ನಮ್ಮ ಓಣಿಯ ಅಜ್ಜಿಯೊಬ್ಬಳು ಕೊಟ್ಟ ರುಮಾಲು. ಆಕೆಯ ಗಂಡ ಆ ಮಳೆಗಾಲದಲ್ಲಿ ತೀರಿಕೊಂಡಿದ್ದ. ಪೆಟ್ಟಿಗೆಯಲ್ಲಿ ಯಾಕಿರಬೇಕು ಎಂದು ತಾನಾಗಿಯೇ ತಂದುಕೊಟ್ಟಿದ್ದಳು. ಯೋಸೇಫ ಛತ್ರದ ಬಾಗಿಲು ಬಡಿದು ಜಾಗ ಕೇಳಿದ, ಛತ್ರದವನು ಇಲ್ಲವೆಂದ. ಅಷ್ಟರಲ್ಲಿ ಅಜ್ಜಿ ಎಲ್ಲರಿಗೂ ಕೇಳುವಂತೆ, ‘ಕೊಡೋ ಅವಗ ಜಾಗಾ!’ ಎಂದಳು. ಛತ್ರದವನಾಗಿದ್ದ ಹುಡುಗ ಮುಂದಿನ ಮಾತು ಮರೆತು ಅಕ್ಕೋರ ಮುಖ ನೋಡಿದ.

ಅವ್ವನ ಕೈ ನಡುಗತೊಡಗಿದ ಮೇಲೆ ಕೆಲವು ವರ್ಷ ನಾನೇ ಹೊಲಿದೆ. ಆಮೇಲೆ ಬಾಡಿಗೆಯ ವೇಷ ಬಂತು, ಅದರ ಹಿಂದೆ ಮೊಬೈಲಿನಲ್ಲಿ ತರಿಸುವ ವೇಷ. ಹೊಳೆಯುವ ಸ್ಯಾಟಿನ್, ಬೆನ್ನಿಗೆ ಅಂಟುಪಟ್ಟಿ, ಎಲ್ಲ ಊರಿನ ದೂತರಿಗೂ ಒಂದೇ ರೆಕ್ಕೆ. ಇಂದಿನ ತಾಯಂದಿರನ್ನು ಬೈಯುವುದು ಸುಲಭ, ನಾನು ಬೈಯುವುದಿಲ್ಲ. ಕೆಲಸ ಮುಗಿಸಿ ಸಂಜೆ ಏಳಕ್ಕೆ ಮನೆ ಸೇರುವವಳಿಗೆ ಪಡಸಾಲೆಯಲ್ಲಿ ಕೂರುವ ಪುರುಸೊತ್ತು ಎಲ್ಲಿಯದು? ಅದಲ್ಲದೆ ಮೊದಲು ಹೋದದ್ದು ಹೊಲಿಗೆಯಲ್ಲ, ಅರಿವಿ. ಧೋತರ ಉಡುವ ಅಜ್ಜಂದಿರು ಹೋದರು. ಕಂಬಳಿಯ ಜಾಗಕ್ಕೆ ಪಾಲಿಸ್ಟರ್ ರಗ್ಗು ಬಂತು. ಸಿಂಥೆಟಿಕ್ ಸೀರೆ ಹಳತಾದರೆ ಮೆತ್ತಗಾಗುವುದಿಲ್ಲ, ಸೂಜಿಯ ಕೆಳಗೆ ಜಾರುತ್ತದೆ, ಮಡಿಕೆ ಹಿಡಿದರೆ ನಿಲ್ಲುವುದಿಲ್ಲ. ನಮ್ಮ ಕಡೆ ಹರಕು ಅರಿವಿ ಕೊನೆಗೆ ಸೇರುತ್ತಿದ್ದದ್ದು ಕೌದಿಗೆ. ಜೋಯಿಸರ ಸೆರಗುಗಳೂ ಹಾಗೇ ಕೌದಿಯ ನಡುಪಟ್ಟಿಯಾದವು. ಈಗ ಕೌದಿಗೂ ಟೇಲರ್ ಅಂಗಡಿಯ ಹೊಸ ತುಕಡಿಗಳನ್ನು ತಂದು ಹಾಕುತ್ತಾರೆ.

ಹೋದ ವರ್ಷ ಹಬ್ಬಕ್ಕೆ ಬೆಂಗಳೂರಿನಲ್ಲಿ ತಂಗಿಯ ಮಗಳ ಮನೆಯಲ್ಲಿದ್ದೆ. ಅವಳ ಮಗಳಿಗೆ ಮರಿಯಳ ಪಾತ್ರ. ನಾಟಕದ ಹಿಂದಿನ ರಾತ್ರಿ ಪೊಟ್ಟಣ ಬಂತು. ಬಿಚ್ಚಿದರೆ ನಿಲುವಂಗಿ, ಮುಸುಕು, ನಡುಪಟ್ಟಿ, ತಲೆಯ ಸುತ್ತ ನಿಲ್ಲುವ ಬಂಗಾರದ ಬಣ್ಣದ ಬಳೆ, ಜೊತೆಗೆ ಪ್ಲಾಸ್ಟಿಕ್ಕಿನ ಕೂಸು. ಕೂಸಿನ ಮೈಮೇಲೆ ಏನೂ ಇಲ್ಲ. ಸುವಾರ್ತೆಯಲ್ಲಿ ಮರಿಯ ಏನು ಉಟ್ಟಿದ್ದಳು, ದೂತನಿಗೆ ರೆಕ್ಕೆ ಇತ್ತೇ ಎಂಬ ಒಂದು ಮಾತೂ ಇಲ್ಲ. ಹುಟ್ಟಿನ ಕತೆಯಲ್ಲಿ ಲೂಕನು ಬಟ್ಟೆಯ ಸುದ್ದಿ ಎತ್ತುವುದು ಕೂಸಿಗೆ ಸುತ್ತಿದ್ದನ್ನು ಹೇಳುವಾಗ ಮಾತ್ರ. ದೂತ ಕುರುಬರಿಗೆ ಗುರುತು ಹೇಳಿದ್ದೂ ಅದನ್ನೇ. ಆ ಒಂದು ತುಂಡು ಪೊಟ್ಟಣದಲ್ಲಿ ಇರಲಿಲ್ಲ.

‘ದೊಡ್ಡವ್ವಾ, ಕೂಸಿಗೆ ಸುತ್ತಾಕ ಏನರ ಕೊಡು’ ಎಂದಳು ತಂಗಿಯ ಮಗಳು.

ಹಸುಗೂಸಿಗೆ ಹೊಸ ಅರಿವಿ ಸುತ್ತುವುದಿಲ್ಲ ನಾವು, ಮೈಗೆ ಚುಚ್ಚುತ್ತದೆ. ತೊಳೆದು ತೊಳೆದು ಬೆಣ್ಣೆಯಾದ ಹಳೇ ಧೋತರವೇ ಬೇಕು. ನಾನು ಅವಳ ಕಪಾಟು ತೆರೆದೆ. ಇಸ್ತ್ರಿ ಮಾಡಿಟ್ಟ ಕುರ್ತಾ, ಸೀರೆ, ಪ್ಯಾಂಟು. ಕೆಳಗಿನ ಖಾನೆಯಲ್ಲಿ ಹೊಸ ಚಾದರ. ಅಡುಗೆಮನೆಯಲ್ಲಿ ಒರೆಸುವುದಕ್ಕೂ ಅಂಗಡಿಯಿಂದ ತಂದ ಹಳದಿ ಬಟ್ಟೆ. ಮೂರು ಕೋಣೆ ಹುಡುಕಿದರೂ ಒಂದು ಹರಕು ಹತ್ತಿ ತುಂಡು ಸಿಗಲಿಲ್ಲ. ಕೊನೆಗೆ ಅವಳೇ ಬಿಳಿ ಟವೆಲ್ಲೊಂದನ್ನು ತಂದು ಕೂಸಿಗೆ ಸುತ್ತಿದಳು. ಬೆಲೆಯ ಚೀಟಿ ಇನ್ನೂ ನೇತಾಡುತ್ತಿತ್ತು. ಹಲ್ಲಿನಿಂದ ಕಡಿದು ತೆಗೆದಳು, ಥೇಟ್ ನಮ್ಮವ್ವ ದಾರ ಕಡಿಯುತ್ತಿದ್ದ ಹಾಗೆ.