ಮೇಷ್ಟರಿಗೂ ಒಂದು ಮೊದಲ ದಿನ

ಮೇ ತಿಂಗಳ ಕೊನೆಯ ವಾರ ಬಂದಿತೆಂದರೆ ಪೇಟೆಯ ಮನೆಮನೆಗಳಲ್ಲಿ ಒಂದೇ ಗಡಿಬಿಡಿ. ಹೊಸ ಚೀಲ, ಹೊಸ ಬೂಟು, ಮಗು ಬೆಳೆಯುವುದೆಂದು ಎರಡಂಗುಲ ಮಡಿಸಿ ಹೊಲಿಸಿದ ಸಮವಸ್ತ್ರ, ಕಂದು ಕಾಗದದ ಅಂಗಿ ತೊಟ್ಟು ಸಾಲಾಗಿ ಕುಳಿತ ನೋಟುಪುಸ್ತಕಗಳು. ಮನೆಯ ಯಜಮಾನರ ಜೇಬಿಗೆ ಅದು ಎರಡನೆಯ ಬೇಸಗೆ. ಶಾಲೆ ತೆರೆದ ಮರುದಿನ ಪತ್ರಿಕೆಗಳಲ್ಲಿ ತಾಯಿಯ ಸೆರಗನ್ನು ಬಿಡಲೊಲ್ಲದೆ ಅಳುವ ಮಗುವಿನ ಚಿತ್ರವೊಂದು ಅಚ್ಚಾಗುತ್ತದೆ. ಓದುಗರು ಮುಗುಳ್ನಕ್ಕು, “ಪಾಪ!” ಎಂದು ಪುಟ ತಿರುವುತ್ತಾರೆ. ಆ ಚಿತ್ರದ ಅಂಚಿನಲ್ಲಿ ಮಗುವಿನ ಕಡೆಗೆ ಕೈ ಚಾಚಿ ನಿಂತ ಇನ್ನೊಂದು ಮುಖವನ್ನು ಮಾತ್ರ ಯಾರೂ ನೋಡುವುದಿಲ್ಲ. ನೋಡಿದ್ದರೆ ಅಲ್ಲಿಯೂ ಕೊಂಚ ಅಳುಕು ಕಾಣಿಸೀತು.

ಉಪಾಧ್ಯಾಯರಿಗೆ ಭಯವೇ? ಮೂವತ್ತು ವರ್ಷ ಅದೇ ಅ, ಆ, ಇ, ಈ ಹೇಳಿಕೊಟ್ಟವರಿಗೆ? ಹೀಗೆಂದು ಕೇಳುವವರು ಒಂದನೆಯ ತರಗತಿಯ ಬಾಗಿಲಿನಲ್ಲಿ ನಿಂತವರಲ್ಲ. ವಕೀಲನಿಗೆ ಹಳೆಯ ತೀರ್ಪುಗಳಿವೆ, ವೈದ್ಯನಿಗೆ ಹಳೆಯ ರೋಗಗಳಿವೆ. ಒಂದನೆಯ ತರಗತಿಯ ಮೇಷ್ಟರಿಗೆ ಪ್ರತಿ ವರ್ಷವೂ ದೊರೆಯುವುದು, ಹಿಂದೆಂದೂ ಶಾಲೆಯನ್ನೇ ಕಾಣದ ಆರು ವರ್ಷದ ಜೀವ. ಮೇಷ್ಟರ ತಲೆ ನರೆಯುತ್ತದೆ, ಕನ್ನಡಕ ದಪ್ಪವಾಗುತ್ತದೆ. ಎದುರಿಗೆ ಕುಳಿತವರ ವಯಸ್ಸು ಮಾತ್ರ ಆರರಿಂದ ಕದಲುವುದಿಲ್ಲ. ನಟನಿಗೂ ರಂಗದ ಅಂಜಿಕೆ ಉಂಟೆನ್ನುತ್ತಾರೆ. ಆದರೆ ಅವನ ಎದುರಿನ ಪಾತ್ರಧಾರಿ ತನ್ನ ಮಾತನ್ನು ಬಾಯಿಪಾಠ ಮಾಡಿಕೊಂಡು ಬಂದಿರುತ್ತಾನೆ. ಇಲ್ಲಿ ಹಾಗಲ್ಲ.

ರಾಜ್ಯದ ಶಾಲೆಗಳಿಗೆ ಏಪ್ರಿಲ್ ಎರಡನೆಯ ವಾರದಿಂದ ಮೇ ಮುಗಿಯುತ್ತ ಬರುವವರೆಗೆ ರಜೆ. ಆ ರಜೆ ಉಪಾಧ್ಯಾಯರಿಗೂ ಇದೆಯೆಂದು ನೆರೆಹೊರೆಯವರು ಅಸೂಯೆಪಡುವುದುಂಟು. ಚುನಾವಣೆ, ಗಣತಿಗಳೆಂದು ಅದರಲ್ಲಿ ಹರಿದುಹೋದ ದಿನಗಳ ಲೆಕ್ಕ ಅವರಿಗೆ ತಿಳಿಯದು. ತರಗತಿಗಳು ಆರಂಭವಾಗುವ ಮುನ್ನವೇ ಬೀಗ ತೆಗೆಯಬೇಕು. ಏಳು ವಾರ ಮುಚ್ಚಿದ ಕೋಣೆಗೆ ಒಂದು ಬಗೆಯ ವಾಸನೆ: ಸುಣ್ಣದ ಪುಡಿ, ಇಲಿ, ಹಳೆಯ ಕಾಗದ, ಬಾವಲಿ ಎಲ್ಲ ಬೆರೆತದ್ದು. ಭೂಪಟದ ಮೂಲೆಯಲ್ಲಿ ಗೆದ್ದಲು ತನ್ನದೊಂದು ರಾಜ್ಯವನ್ನು ಸ್ಥಾಪಿಸಿರುತ್ತದೆ. ಕಪ್ಪು ಹಲಗೆಗೆ ಹೊಸ ಬಣ್ಣ ಬೇಕು. ಹಿಂದೆ ಹಳ್ಳಿಯ ಶಾಲೆಗಳಲ್ಲಿ ಇದ್ದಿಲನ್ನು ಅರೆದು, ಸೊಪ್ಪಿನ ರಸದಲ್ಲಿ ಕಲಸಿ, ದೊಡ್ಡ ಹುಡುಗರು ಹಲಗೆಗೆ ಬಳಿದು ತಮ್ಮ ಮುಖಕ್ಕೂ ಒಂದಿಷ್ಟು ಬಳಿದುಕೊಳ್ಳುತ್ತಿದ್ದರು. ಈಗ ಡಬ್ಬಿಯ ಬಣ್ಣ ಬಂದಿದೆ. ಮುಖಗಳು ಬಿಳಿಯಾಗಿಯೇ ಉಳಿಯುತ್ತವೆ. ಬಾಗಿಲಿಗೆ ಮಾವಿನ ತೋರಣ, ಅಂಗಳಕ್ಕೆ ರಂಗವಲ್ಲಿ, ಅಡುಗೆಮನೆಯಲ್ಲಿ ಸಿಹಿ. 2002ರಲ್ಲಿ ಮೊದಲಾದ ಅಕ್ಷರ ದಾಸೋಹದ ಒಲೆಯೇ ಈಗ ಅನೇಕ ಶಾಲೆಗಳಲ್ಲಿ ಮೊದಲ ದಿನದ ನಿಜವಾದ ಸ್ವಾಗತ ಸಮಿತಿ. ಪಾಯಸದ ಪರಿಮಳ ಮಾಡುವ ಕೆಲಸವನ್ನು ಮುಖ್ಯೋಪಾಧ್ಯಾಯರ ಭಾಷಣ ಮಾಡಲಾರದು.

ಇಷ್ಟೆಲ್ಲ ಆದ ಮೇಲೆ ಉಳಿಯುವುದು ಹಾಜರಿ ಪುಸ್ತಕ. ಹೊಸ ಪುಸ್ತಕಕ್ಕೆ ಗೆರೆ ಎಳೆದು, ಒಂದೊಂದೇ ಹೆಸರನ್ನು ಬರೆಯುವ ಆ ಸಂಜೆಯನ್ನು ಯಾವ ಉಪಾಧ್ಯಾಯರೂ ಇನ್ನೊಬ್ಬರಿಗೆ ಬಿಟ್ಟುಕೊಡಲಾರರು. ಮುಖ ಕಾಣುವ ಮುನ್ನ ಹೆಸರಿನ ಪರಿಚಯ. ಒಂದು ಕಾಲದ ಹಾಜರಿಯಲ್ಲಿ ನಾಲ್ವರು ಮಂಜುನಾಥರೂ ಮೂವರು ಲಕ್ಷ್ಮಿಯರೂ ಇದ್ದೇ ಇರುತ್ತಿದ್ದರು. ಅವರನ್ನು ಇನಿಷಿಯಲ್ಲುಗಳಿಂದಲೇ ಬೇರೆ ಮಾಡಬೇಕಾಗಿತ್ತು. ಇಂದಿನ ಮಕ್ಕಳ ಹೆಸರುಗಳು ಒಂದರಂತೆ ಒಂದಿಲ್ಲ. ಬರೆಯುವಾಗ ಒತ್ತಕ್ಷರ ಎಲ್ಲಿ ಬೀಳುವುದೆಂದು ಇಟ್ಟವರಿಗೇ ಸಂದೇಹ. ಹೇಗೇ ಇರಲಿ, ಆ ಹೆಸರನ್ನು ಮೊದಲ ಕರೆಯಲ್ಲಿಯೇ ಸರಿಯಾಗಿ ಉಚ್ಚರಿಸಬೇಕು. ತಪ್ಪಿದರೆ ಮಗು “ಇದು ನನ್ನನ್ನಲ್ಲ” ಎಂದುಕೊಂಡು ಸುಮ್ಮನೆ ಕುಳಿತಿರುತ್ತದೆ.

ಈ ಪುಸ್ತಕದ ವಿಷಯದಲ್ಲಿ ಉಪಾಧ್ಯಾಯರ ಲೇಖನಿಗಿದ್ದ ಒಂದು ಅಧಿಕಾರವನ್ನು ಇಂದಿನವರು ಮರೆತಿದ್ದಾರೆ. ಜನನದ ದಾಖಲೆ ಎಲ್ಲ ಮನೆಗಳನ್ನೂ ಮುಟ್ಟದಿದ್ದ ಕಾಲವದು. ಮಗುವನ್ನು ಸೇರಿಸಲು ಬಂದ ತಂದೆ, “ದೊಡ್ಡ ಮಳೆ ಬಂದ ವರ್ಷ ಹುಟ್ಟಿತು ಸ್ವಾಮಿ” ಎನ್ನುತ್ತಿದ್ದ. ಮೇಷ್ಟರು ಮಗುವಿನ ಬಲಗೈಯನ್ನು ತಲೆಯ ಮೇಲಿನಿಂದ ತಂದು ಎಡಗಿವಿಯನ್ನು ಮುಟ್ಟಿಸಿ ನೋಡುವರು. ಮುಟ್ಟಿತೇ, ಶಾಲೆಗೆ ಯೋಗ್ಯ; ಮುಟ್ಟಲಿಲ್ಲವೇ, ಬರುವ ವರ್ಷ ಬಾ. ಆಮೇಲೆ ಜನ್ಮದಿನಾಂಕದ ಮನೆಯಲ್ಲಿ ಏನಾದರೂ ಬರೆಯಲೇಬೇಕಲ್ಲ! ಶಾಲೆ ತೆರೆಯುವ ಕಾಲಕ್ಕೆ ಸರಿಹೊಂದುವಂತೆ ಜೂನ್ 1 ಎಂದು ಬರೆದುಬಿಡುವರು. ಹೀಗೆ ಒಂದು ತಲೆಮಾರಿನ ಎಷ್ಟೋ ಮಂದಿ ಒಂದೇ ದಿನ ಹುಟ್ಟಿದರು. ಅವರ ನಿಜವಾದ ಜಾತಕ ಯಾವ ಜೋಯಿಸನಿಗೂ ಸಿಕ್ಕಲಿಲ್ಲ. ನೌಕರಿ, ಬಡ್ತಿ, ಪಿಂಚಣಿಗಳ ಗ್ರಹಗತಿಯೆಲ್ಲ ಮೇಷ್ಟರು ಬರೆದ ಆ ಒಂದು ಗೆರೆಯಿಂದ ನಡೆಯಿತು.

ಇನ್ನು ಬೆಳಗಾಯಿತು. ಗಂಟೆ ಹೊಡೆಯಿತು. ಮೊದಲ ಅರ್ಧ ಗಂಟೆಯ ಗದ್ದಲವನ್ನು ವರ್ಣಿಸಬೇಕಾಗಿಲ್ಲ. ಮಕ್ಕಳಿರುವ ಮನೆಯವರೆಲ್ಲ ಅದನ್ನು ಕಂಡವರೇ. ಆದರೆ ತಂದೆತಾಯಿಗಳು ಹೊರಟುಹೋದ ಮೇಲಿನ ನಿಶ್ಶಬ್ದವನ್ನು ಅವರು ಕಂಡಿಲ್ಲ. ಅಳುವ ಮಗುವಿನಿಂದ ಉಪಾಧ್ಯಾಯರಿಗೆ ಚಿಂತೆಯಿಲ್ಲ; ಅದು ಅತ್ತು ಹಗುರವಾಗಿ ಮಧ್ಯಾಹ್ನಕ್ಕೆ ಪಕ್ಕದವನ ಬಳಪವನ್ನು ಕಸಿದುಕೊಳ್ಳುತ್ತದೆ. ಚಿಂತೆಯೆಲ್ಲ ಗೋಡೆಗೆ ಒರಗಿ, ಅಳದೆ, ಮಾತಾಡದೆ, ಬಾಗಿಲನ್ನೇ ನೋಡುವ ಮಗುವಿನದು. ಅದಕ್ಕೆ ಏನು ಬೇಕು? ಕೇಳಿದರೆ ಹೇಳದು. ಎಷ್ಟೋ ಸಲ ಹೇಳಲು ಬಾರದು. ಮಂಗಳೂರಿನ ಕಡೆ ಅದರ ಮನೆಮಾತು ತುಳುವೋ ಬ್ಯಾರಿಯೋ ಆಗಿರಬಹುದು, ಕೋಲಾರದ ಗಡಿಯಲ್ಲಿ ತೆಲುಗು, ತಾಂಡಾಗಳಲ್ಲಿ ಲಂಬಾಣಿ, ಬೆಂಗಳೂರಿನ ಕಟ್ಟಡ ಕೆಲಸದ ಗುಡಿಸಲುಗಳಿಂದ ಬಂದ ಮಗುವಿನ ಕನ್ನಡ ರಾಯಚೂರಿನ ಕನ್ನಡ. “ನೀರು ಬೇಕು” ಎಂಬುದನ್ನೂ “ಹೊರಗೆ ಹೋಗಬೇಕು” ಎಂಬುದನ್ನೂ ಪಾಠದ ಭಾಷೆಯಲ್ಲಿ ಹೇಳಲಾರದೆ ಎಷ್ಟು ಮಕ್ಕಳು ಮೊದಲ ದಿನವೇ ಚಡ್ಡಿ ಒದ್ದೆ ಮಾಡಿಕೊಂಡು, ನಾಚಿ, ಮತ್ತೆ ಬಾರದೆ ಹೋದರೋ! ಬಲ್ಲ ಉಪಾಧ್ಯಾಯರು ತಮ್ಮ ತರಗತಿಗೆ ಬರುವ ಮನೆಮಾತುಗಳಲ್ಲೆಲ್ಲ ಈ ಎರಡು ಮಾತುಗಳನ್ನು ಮೊದಲೇ ಕಲಿತಿಟ್ಟುಕೊಂಡಿರುತ್ತಾರೆ. ಯಾವ ತರಬೇತಿಯ ಕಾಗದದಲ್ಲಿ ಬರೆಯದಿದ್ದರೂ ಉಪಾಧ್ಯಾಯ ವೃತ್ತಿಯ ಮೊದಲ ಪಾಠ ಇದೇ ಎನ್ನಬಹುದು.

ಹಿಂದಿನವರ ಬಳಿ ಬೆತ್ತವಿತ್ತು. ಬೆತ್ತದಿಂದ ಮಕ್ಕಳು ಸುಮ್ಮನಾಗುತ್ತಿದ್ದರು, ನಿಜ. ಸುಮ್ಮನಾದವರೆಲ್ಲ ಕಲಿತರೆಂದು ಹೇಳುವುದು ಹೇಗೆ? ಮಕ್ಕಳ ಶಿಕ್ಷಣ ಹಕ್ಕಿನ ಕಾಯಿದೆ 2010ರ ಏಪ್ರಿಲ್ 1ರಂದು ಜಾರಿಗೆ ಬಂದು, ದಂಡನೆಯನ್ನು ನಿಷೇಧಿಸಿತು. ಬೆತ್ತವಿಲ್ಲದೆ ಮಗುವನ್ನು ಗೆದ್ದವರು ಅದಕ್ಕೂ ಬಹಳ ಮೊದಲೇ ಇದ್ದರು. ಜಿ. ಪಿ. ರಾಜರತ್ನಂ ಅವರು ಎಂ. ಎ. ಪದವೀಧರರಾಗಿದ್ದೂ ಕೆಲಕಾಲ ಶಿಶುವಿಹಾರದಲ್ಲಿ ಉಪಾಧ್ಯಾಯರಾಗಿದ್ದರು. ಅವರ ‘ತುತ್ತೂರಿ’ಯ ಶಿಶುಗೀತೆಗಳು ಆ ಕಾಲದ ಫಲ. ಎದುರಿಗೆ ಮಕ್ಕಳು ಕುಳಿತಿದ್ದರೆಂದೇ ಹಾಡು ಹುಟ್ಟಿತೆನ್ನಬೇಕು. 1995ರಲ್ಲಿ ಹೆಗ್ಗಡದೇವನಕೋಟೆಯ ಕಾಡಂಚಿನ ಶಾಲೆಗಳಲ್ಲಿ ಆರಂಭವಾದ ‘ನಲಿ-ಕಲಿ’ಯಲ್ಲಿ ಉಪಾಧ್ಯಾಯರು ಕುರ್ಚಿಯನ್ನು ಬಿಟ್ಟು ನೆಲದ ಮೇಲೆ, ಮಕ್ಕಳ ಗುಂಪಿನ ನಡುವೆ ಕುಳಿತರು. 2009-10ರ ಹೊತ್ತಿಗೆ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಹಬ್ಬಿತು. ಅದರ ಗುಣದೋಷಗಳನ್ನು ಪಂಡಿತರು ಚರ್ಚಿಸಲಿ. ಗೋಡೆಗೆ ಒರಗಿದ ಮಗುವಿಗೆ ಮಾತ್ರ, ಎತ್ತರದಲ್ಲಿದ್ದ ಆ ಮುಖ ತನ್ನ ಮುಖದ ಮಟ್ಟಕ್ಕೆ ಇಳಿದುದೇ ದೊಡ್ಡ ಸಮಾಚಾರ.

ಒಂದು ವರ್ಷ ಈ ಮೊದಲ ದಿನವೇ ಬರಲಿಲ್ಲ. 2020ರ ಮಾರ್ಚಿಯಲ್ಲಿ ಮುಚ್ಚಿದ ಬಾಗಿಲು ಜೂನಿನಲ್ಲಿ ತೆರೆಯಲಿಲ್ಲ. ಮಳೆ ತನ್ನ ಕಾಲಕ್ಕೆ ಬಂದಿತು. ಕೊಡೆಗಳ ಕೆಳಗೆ ಚಿಕ್ಕ ಕಾಲುಗಳು ಬರಲಿಲ್ಲ. ಅಭ್ಯಾಸಬಲದಿಂದ ಹಾಜರಿ ಪುಸ್ತಕಕ್ಕೆ ಗೆರೆ ಎಳೆದ ಉಪಾಧ್ಯಾಯರಿಗೆ ಆ ಮನೆಗಳನ್ನು ತುಂಬುವ ದಾರಿ ತೋರಲಿಲ್ಲ. ಆಗಸ್ಟಿನಲ್ಲಿ ‘ವಿದ್ಯಾಗಮ’ವೆಂದು ಹೊರಟು, ಮರದಡಿ, ಗುಡಿಯ ಜಗಲಿ, ಯಾರದೋ ಪಡಸಾಲೆಗಳಲ್ಲಿ ಮಕ್ಕಳನ್ನು ಕೂಡಿಸಿದರು; ಸೋಂಕು ಹೆಚ್ಚಿತೆಂದು ಅಕ್ಟೋಬರಿನಲ್ಲಿ ಅದೂ ನಿಂತಿತು. ಒಂದರಿಂದ ಐದನೆಯ ತರಗತಿಯ ಮಕ್ಕಳಿಗೆ ಬಾಗಿಲು ತೆರೆದದ್ದು 2021ರ ಅಕ್ಟೋಬರ್ 25ರಂದು.

ಆ ದಿನ ಎರಡನೆಯ ತರಗತಿಯ ಕೋಣೆಗೆ ಬಂದವರು ಕಾಗದದ ಮೇಲೆ ಒಂದನೆಯದನ್ನು ಮುಗಿಸಿದವರು. ತರಗತಿಯಲ್ಲಿ ಬೆಂಚನ್ನೋ ಚಾಪೆಯನ್ನೋ ಕಂಡವರಲ್ಲ. ಅವರ ಮೊದಲ ದಿನ ಒಂದು ವರ್ಷವೂ ಕೆಲವು ತಿಂಗಳೂ ತಡವಾಗಿ ಬಂದಿತ್ತು. ಎಲ್ಲರ ಮುಖದ ಮೇಲೂ ಮುಖಗವಸು. ಹೆಸರು ಕರೆದರೆ “ಬಂದಿದ್ದೇನೆ” ಎಂಬ ದನಿ ಬಟ್ಟೆಯ ಹಿಂದಿನಿಂದ ಬರುತ್ತಿತ್ತು. ಯಾವ ಬಟ್ಟೆಯ ಹಿಂದಿನಿಂದೆಂದು ತಿಳಿಯುತ್ತಿರಲಿಲ್ಲ. ಉಪಾಧ್ಯಾಯರು ನಕ್ಕುದು ಮಕ್ಕಳಿಗೆ ಕಾಣಲಿಲ್ಲ. ಪ, ಬ, ಮ ಇವು ತುಟಿಯ ಅಕ್ಷರಗಳು. ತುಟಿ ಕೂಡಿ ತೆರೆಯುವುದನ್ನು ನೋಡಿಯೇ ಮಗು ಅವನ್ನು ಕಲಿಯುತ್ತದೆ. ಆ ವರ್ಷ ಅವನ್ನು ಕಣ್ಣುಗಳಿಂದ ಕಲಿಸಬೇಕಾಯಿತು! ಮರುವರ್ಷ ಮೇ 16ರಂದೇ ಶಾಲೆಗಳನ್ನು ತೆರೆದು, ಹಿಂದುಳಿದ ಪಾಠಗಳಿಗಾಗಿ ‘ಕಲಿಕಾ ಚೇತರಿಕೆ’ಯ ವರ್ಷವೆಂದು ಹೆಸರಿಟ್ಟರು. ಮಕ್ಕಳು ಚೇತರಿಸಿಕೊಂಡ ಲೆಕ್ಕ ಇಲಾಖೆಯ ಕಡತಗಳಲ್ಲಿರಬಹುದು. ಉಪಾಧ್ಯಾಯರು ಚೇತರಿಸಿಕೊಂಡರೇ ಎಂದು ಕೇಳುವ ಕಾಲಂ ಯಾವ ನಮೂನೆಯಲ್ಲಿಯೂ ಇದ್ದಂತಿಲ್ಲ.

ಮೊದಲ ದಿನದ ಸಂಜೆ, ಕಸ ಗುಡಿಸಿ, ಮರೆತುಹೋದ ಒಂಟಿ ಚಪ್ಪಲಿಯನ್ನು ಕಿಟಕಿಯ ಮೇಲಿಟ್ಟು, ಮತ್ತೆ ಹಾಜರಿ ಪುಸ್ತಕವನ್ನು ತೆರೆದಾಗ ಕೆಲವು ಮನೆಗಳು ಖಾಲಿಯಾಗಿಯೇ ಇರುತ್ತವೆ. ಹೆಸರಿದೆ, ಮಗುವಿಲ್ಲ. ಕೆಲಸ ಹುಡುಕಿಕೊಂಡು ಹೋದ ತಂದೆತಾಯಿಗಳ ಹಿಂದೆ ಹೋಯಿತೇ? ತಮ್ಮನನ್ನು ನೋಡಿಕೊಳ್ಳಲು ನಿಂತಿತೇ? ಹತ್ತಿರದ ಇಂಗ್ಲಿಷ್ ಶಾಲೆಯ ಹಳದಿ ಬಸ್ಸು ಹತ್ತಿತೇ? ಕೊನೆಯದಾದರೆ ಮಗುವಿಗೆ ನಷ್ಟವಿಲ್ಲವೆಂದು ಸಮಾಧಾನಪಟ್ಟುಕೊಳ್ಳಬಹುದು; ಹತ್ತು ಮಕ್ಕಳ ಕನ್ನಡ ಶಾಲೆಯಲ್ಲಿ ಒಂಬತ್ತಾದಾಗ ಶಾಲೆಯ ಆಯುಷ್ಯವೇ ಲೆಕ್ಕಕ್ಕೆ ಬರುತ್ತದೆಂಬುದು ಬೇರೆ ಮಾತು. ಉಪಾಧ್ಯಾಯರು ಚಪ್ಪಲಿ ಮೆಟ್ಟಿ ಆ ಮನೆಗಳ ಕಡೆ ಹೊರಡುತ್ತಾರೆ. ಊರಿನವರು ಅದನ್ನು ವಾಯುವಿಹಾರವೆಂದು ತಿಳಿಯುತ್ತಾರೆ.

ಇಷ್ಟು ಜೂನುಗಳನ್ನು ಕಂಡವರಿಗೆ ಕೊನೆಯದೊಂದು ಬರುತ್ತದೆ. ತಾವೇ ಮಗುವಾಗಿದ್ದಾಗ ಕಿವಿ ಮುಟ್ಟಿಸಿ ನೋಡಿದ ಯಾವನೋ ಮೇಷ್ಟರ ಲೇಖನಿಯಿಂದ ಜೂನ್ 1ರಂದು ಹುಟ್ಟಿದ ಉಪಾಧ್ಯಾಯರು ಈ ನಾಡಿನಲ್ಲಿ ಕಡಮೆಯಿಲ್ಲ. ಅರವತ್ತು ತುಂಬುವ ಸರ್ಕಾರಿ ನೌಕರನು ಆ ತಿಂಗಳ ಕೊನೆಯ ದಿನ ನಿವೃತ್ತನಾಗಬೇಕೆಂಬುದು ನಿಯಮ. ತಿಂಗಳ ಮೊದಲ ತಾರೀಖು ಹುಟ್ಟಿದವನಾದರೆ ಹಿಂದಿನ ತಿಂಗಳ ಕೊನೆಯ ದಿನ. ಎಂದರೆ ಮೇ 31. ಶಾಲೆಗಳು ಮೇ ತಿಂಗಳ ಕೊನೆಯ ದಿನಗಳಲ್ಲಿಯೇ ತೆರೆಯುವ ವರ್ಷಗಳಲ್ಲಿ ಅಂಥವರಿಗೆ ಹೊಸ ವರ್ಷದ ಎರಡೋ ಮೂರೋ ದಿನಗಳು ದೊರೆಯುತ್ತವೆ. ತೋರಣ ಕಟ್ಟುತ್ತಾರೆ, ಹಲಗೆಗೆ ಬಣ್ಣ ಹಚ್ಚುತ್ತಾರೆ, ಹೊಸ ಹಾಜರಿ ಪುಸ್ತಕಕ್ಕೆ ಗೆರೆ ಎಳೆದು ದುಂಡಾದ ಅಕ್ಷರದಲ್ಲಿ ಎಲ್ಲ ಹೆಸರುಗಳನ್ನೂ ಬರೆಯುತ್ತಾರೆ. ಗೋಡೆಗೆ ಒರಗಿದ ಮಗು ಮೂರನೆಯ ದಿನ ಮೆಲ್ಲನೆ ಅವರ ಬೆರಳು ಹಿಡಿಯುತ್ತದೆ. ಅಂದು ಸಂಜೆ ಹಾರ, ಶಾಲು, ಒಂದು ಗಡಿಯಾರ.

ಜೂನ್ 1ರ ಬೆಳಿಗ್ಗೆ ಹಾಜರಿ ಕರೆಯುವ ದನಿ ಬೇರೆ. ಎರಡನೆಯ ಪುಟ ಬರುವವರೆಗೆ ಅಕ್ಷರ ಮಾತ್ರ ಅದೇ. ಹೊಸದಾಗಿ ಬಂದ ಟೀಚರಮ್ಮ ಆ ಅಕ್ಷರದ ಮೇಲೆ ಬೆರಳಿಟ್ಟು, ಮಗುವಿನ ಹೆಸರಿನಲ್ಲಿ ಒತ್ತು ಎಲ್ಲಿದೆಯೆಂದು ಎರಡು ಸಲ ನೋಡಿಕೊಂಡು, ಮೊದಲ ಹೆಸರನ್ನು ಕರೆಯುತ್ತಾರೆ.