ನಿಂತ ಮರ, ಮಲಗಿದ ದಿಮ್ಮಿ

‘ಕಾಡಿನ ಉಪಯೋಗಗಳನ್ನು ಬರೆಯಿರಿ’ ಎಂಬ ಪ್ರಶ್ನೆ ಬಂದರೆ ನಮ್ಮ ಮಕ್ಕಳಿಗೆ ಹಬ್ಬ. ಮಳೆ ತರುತ್ತದೆ, ಮಣ್ಣು ಕೊಚ್ಚಿ ಹೋಗದಂತೆ ತಡೆಯುತ್ತದೆ, ಪ್ರಾಣಿಪಕ್ಷಿಗಳಿಗೆ ಆಸರೆ ಕೊಡುತ್ತದೆ, ಜೇನು, ಮೇಣ, ಔಷಧಿ ಎಂದು ಒಂದೇ ಉಸಿರಿಗೆ ಬರೆಯುತ್ತಾರೆ. ಕೊನೆಗೆ ‘ಆದ್ದರಿಂದ ನಾವು ಮರಗಳನ್ನು ಕಡಿಯಬಾರದು’ ಎಂದು ಮುಗಿಸಿ ಕೆಳಗೊಂದು ಗೆರೆ ಎಳೆಯುತ್ತಾರೆ. ಇದನ್ನೆಲ್ಲ ಬರೆಯುವುದು ಮರದ ಬೆಂಚಿನ ಮೇಲೆ ಕೂತು, ಮರದ ತಿರುಳಿನಿಂದಾದ ಕಾಗದದ ಮೇಲೆ. ಗೆರೆ ಎಳೆಯುವುದು ಮರದ ಪೆನ್ಸಿಲಿನಿಂದ. ಪೂರ್ತಿ ಅಂಕ ಕೊಡದೆ ನನಗೂ ಗತ್ಯಂತರವಿಲ್ಲ.

ನಾನು ಶಿರಸಿ ಸೀಮೆಯ ಹೈಸ್ಕೂಲೊಂದರಲ್ಲಿ ಗಣಿತ ಕಲಿಸುವವಳು. ಅರಣ್ಯ ಅಧ್ಯಯನಕ್ಕೆ ಮಕ್ಕಳನ್ನು ಕರೆದೊಯ್ಯುತ್ತೇವೆ ಎಂದರೆ ಪಾಲಕರು ನಗುತ್ತಾರೆ. “ಅಕ್ಕೋರೇ, ದಿನಾ ಕಾಡು ದಾಟಿ ಶಾಲೆಗೆ ಬರುವ ಮಕ್ಕಳಿಗೆ ಮತ್ತೆ ಕಾಡು ತೋರಿಸುವುದು ಎಂತಕ್ಕೆ?” ಅವರ ಮಾತಿನಲ್ಲಿ ನ್ಯಾಯವಿದೆ. ಇಲ್ಲಿ ಒಂದು ಎಕರೆ ಅಡಿಕೆ ತೋಟಕ್ಕೆ ಒಂಬತ್ತು ಎಕರೆವರೆಗೂ ಸೊಪ್ಪಿನ ಬೆಟ್ಟ ಬಿಟ್ಟುಕೊಟ್ಟ ಪದ್ಧತಿ ಇದೆ. ಯಾವ ಸೊಪ್ಪು ಕೊಟ್ಟಿಗೆಗೆ, ಯಾವ ದರಕು ತೋಟದ ಮುಚ್ಚಿಗೆಗೆ ಎಂಬುದನ್ನು ಈ ಮಕ್ಕಳಿಗೆ ಯಾರೂ ಹೇಳಿಕೊಡಬೇಕಿಲ್ಲ. ಅವರಿಗೆ ಗೊತ್ತಿಲ್ಲದಿರುವುದು ಮರ ಕಾಡು ಬಿಟ್ಟು ಹೊರಟ ಮೇಲಿನ ಕಥೆ. ಅದಕ್ಕೇ ನಮ್ಮ ಪ್ರವಾಸಕ್ಕೆ ಎರಡು ಭಾಗ: ಬೆಳಿಗ್ಗೆ ಕಾಡು, ಮಧ್ಯಾಹ್ನ ನಾಟಾ ಡಿಪೋ.

ಬೆಳಗಿನ ಹೊತ್ತು ನಾನು ಹಿಂದೆ ಉಳಿಯುತ್ತೇನೆ. ಮುಂದೆ ಅರಣ್ಯ ಇಲಾಖೆಯ ಗಾರ್ಡ್, ಅವರ ಬೆನ್ನಿಗೆ ಮಕ್ಕಳು, ಎಲ್ಲರ ಕಾಲಿಗೂ ಉಂಬಳ. ತೇಗದ ಎಳೆ ಎಲೆಯನ್ನು ಅಂಗೈಯಲ್ಲಿ ಉಜ್ಜಿದರೆ ಮದರಂಗಿಯ ಹಾಗೆ ಕೆಂಪಾಗುತ್ತದೆ. ಈ ಆಟದಲ್ಲಿ ಹತ್ತು ನಿಮಿಷ ಹೋಗುತ್ತದೆ. ಆಮೇಲೆ ತೊಗಟೆ ನೋಡಿ ಮರ ಗುರುತಿಸುವ ಪಾಠ. ನಂದಿಯದು ನುಣುಪಾದ ಬಿಳಿ ಮೈ. ಮತ್ತಿಯ ಮೈ ತುಂಬ ಮೊಸಳೆ ಚರ್ಮದಂಥ ಚೌಕಗಳು. ಹೊನ್ನೆಯ ತೊಗಟೆಗೆ ಎಲ್ಲೋ ಗಾಯವಾಗಿತ್ತು. ಅಲ್ಲಿ ಒಸರಿದ ಕೆಂಪು ರಸ ಹೆಪ್ಪುಗಟ್ಟಿದ್ದನ್ನು ಕಂಡು ಒಬ್ಬಳು ಹುಡುಗಿ ತನ್ನ ಕೈ ಹಿಂದಕ್ಕೆ ಎಳೆದುಕೊಂಡಳು.

ಗಾರ್ಡ್ ಟೇಪು ಬಿಚ್ಚಿ, ಮರದ ಸುತ್ತಳತೆಯನ್ನು ಎದೆಮಟ್ಟದಲ್ಲಿ ತೆಗೆಯಬೇಕು ಎಂದರು. ಗುಂಪಿನಲ್ಲಿ ಎಲ್ಲರಿಗಿಂತ ಗಿಡ್ಡನಾದ ಎಂಟನೇ ತರಗತಿಯ ಹುಡುಗ ಕೂಡಲೇ ಕೇಳಿದ: “ಯಾರ ಎದೆ ಸರ್?” ಗಾರ್ಡ್ ನಗಲಿಲ್ಲ. “ಸರ್ಕಾರದ ಎದೆ. ನೆಲದಿಂದ 1.37 ಮೀಟರ್. ಸಾಹೇಬರು ಬಂದರೂ ಅಷ್ಟೇ, ನೀನು ಬಂದರೂ ಅಷ್ಟೇ.” ಅಳತೆಗೆ ಎಲ್ಲರೂ ಒಪ್ಪಿದ ಒಂದು ಮಾನ ಯಾಕೆ ಬೇಕು ಎಂದು ನಾನು ಬೋರ್ಡಿನ ಮುಂದೆ ನಿಂತು ಒಂದು ಪೀರಿಯಡ್ ಹೇಳಿದ್ದರೂ ಇಷ್ಟು ಚೆನ್ನಾಗಿ ನಾಟುತ್ತಿರಲಿಲ್ಲ.

ಡಿಪೋದಲ್ಲಿ ನೋಟವೇ ಬೇರೆ. ಬಯಲಿನ ತುಂಬ ಸಾಲುಸಾಲು ದಿಮ್ಮಿಗಳು. ತುದಿಯಲ್ಲಿ ಬಣ್ಣದಿಂದ ಬರೆದ ನಂಬರು, ಉದ್ದ, ಸುತ್ತಳತೆ. ಪಕ್ಕದಲ್ಲಿ ಇಲಾಖೆಯ ಸುತ್ತಿಗೆಯ ಮುದ್ರೆ. ಅದಿಲ್ಲದ ನಾಟ ಕಳ್ಳನಾಟ. ಲಾಟು ಮಾಡಿ ಹರಾಜಿಗೆ ಇಡುತ್ತಾರೆ. ಈಗ ಕೂಗುವವರಿಲ್ಲ, ಬಿಡ್ಡು ಕಂಪ್ಯೂಟರಿನಲ್ಲೇ ನಡೆಯುತ್ತದೆ. ಕೊಂಡವನು ಸಾಗಿಸಬೇಕಾದರೆ ಪಾಸು ಬೇಕು. ಬೆಳಿಗ್ಗೆ ಹೆಸರು ಹಿಡಿದು ಕರೆದ ಮರಗಳು ಇಲ್ಲಿ ನಂಬರುಗಳಾಗಿ ಮಲಗಿದ್ದನ್ನು ಕಂಡು ಮಕ್ಕಳು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಪ್ರಶ್ನೆಗಳು ಶುರುವಾದವು.

ಮೊದಲು ಉಂಗುರ ಎಣಿಸುವ ಪೈಪೋಟಿ. ತೇಗದ ದಿಮ್ಮಿಯಲ್ಲಿ ಸಲೀಸಾಗಿ ಲೆಕ್ಕ ಸಿಕ್ಕಿತು. ತೇಗ ಬೇಸಿಗೆಯಲ್ಲಿ ಎಲೆ ಉದುರಿಸಿ ಬೆಳೆಯುವುದನ್ನೇ ನಿಲ್ಲಿಸುತ್ತದೆ. ಮಳೆ ಬಿದ್ದು ಚಿಗುರುವಾಗ ದೊಡ್ಡ ರಂಧ್ರಗಳ ಒಂದು ಸಾಲು ಮೂಡುತ್ತದೆ. ಹಾಗಾಗಿ ವರ್ಷವರ್ಷದ ಗಡಿ ಕಣ್ಣಿಗೆ ಕಾಣುತ್ತದೆ. ಪಕ್ಕದ ಹಲಸಿನ ದಿಮ್ಮಿಯ ಮುಂದೆ ಕೂತವರು ಮಾತ್ರ ಸೋತರು. “ಅಕ್ಕೋರೇ, ಇದಕ್ಕೆ ವಯಸ್ಸೇ ಇಲ್ವಾ?” ವಯಸ್ಸಿದೆ, ಬರೆದಿಟ್ಟಿಲ್ಲ ಅಷ್ಟೇ. ವರ್ಷವಿಡೀ ಹಸಿರಾಗಿರುವ ಮರಕ್ಕೆ ನಿಲ್ಲುವ ಕಾಲ, ಹೊರಡುವ ಕಾಲ ಎಂದು ಅಷ್ಟು ಸ್ಪಷ್ಟವಾಗಿ ಇರುವುದಿಲ್ಲ. ಉಂಗುರ ಎಣಿಸಿದರೆ ಮರದ ವಯಸ್ಸು ತಿಳಿಯುತ್ತದೆ ಎಂಬ ಪುಸ್ತಕದ ವಾಕ್ಯ ನಮ್ಮ ಕಾನಿನ ಎಷ್ಟೋ ಮರಗಳ ಮುಂದೆ ನಡೆಯುವುದಿಲ್ಲ. ಇದು ಹಲಸಿನ ಎದುರು ಕೂತಾಗಲೇ ಮನಸ್ಸಿಗೆ ಇಳಿಯುವ ಮಾತು.

ನನ್ನ ಪಾಠ ಶುರುವಾಗುವುದು ಆಮೇಲೆ. ದಿಮ್ಮಿಯ ಗಾತ್ರ ತೆಗೆಯುವ ರೂಢಿಯ ಲೆಕ್ಕ ಸರಳ: ಸುತ್ತಳತೆಯ ಕಾಲು ಭಾಗದ ವರ್ಗವನ್ನು ಉದ್ದದಿಂದ ಗುಣಿಸಬೇಕು. 160 ಸೆಂಟಿಮೀಟರ್ ಸುತ್ತಳತೆ, 4 ಮೀಟರ್ ಉದ್ದದ ದಿಮ್ಮಿಗೆ 0.64 ಘನ ಮೀಟರ್ ಬಂತು. ‘ಪೈ’ ಹಾಕಿ ಸಿಲಿಂಡರಿನ ಸೂತ್ರದಲ್ಲಿ ಮಾಡಿ ಎಂದೆ. 0.81 ಬಂತು. ಎರಡು ಬಾರಿ ಮಾಡಿದರು, ಮೂರು ಬಾರಿ ಮಾಡಿದರು. “ಉಳಿದದ್ದು ಯಾರು ತಿಂದರು?” ಎಂದು ಒಬ್ಬ ಗಾರ್ಡನ್ನು ಅನುಮಾನದಿಂದ ನೋಡಿದ. ಯಾರೂ ತಿಂದಿಲ್ಲ. ದುಂಡು ದಿಮ್ಮಿಯನ್ನು ಚೌಕ ತೊಲೆ ಮಾಡುವಾಗ ಅಂಚಿನ ಹೊರಪಟ್ಟಿ, ಹೊಟ್ಟು ಎಂದು ಹೋಗುವ ಭಾಗಕ್ಕೆ ಹಳಬರು ಸೂತ್ರದಲ್ಲೇ ವಿನಾಯಿತಿ ಇಟ್ಟಿದ್ದಾರೆ. ಸೂತ್ರ ಹಿಡಿಯುವುದು ನಿಜದ ಗಾತ್ರದ ನೂರಕ್ಕೆ ಎಪ್ಪತ್ತೆಂಟು ಚಿಲ್ಲರೆ ಭಾಗ, ಅಂದರೆ ಪೈಯನ್ನು ನಾಲ್ಕರಿಂದ ಭಾಗಿಸಿದಷ್ಟು. ದಿಮ್ಮಿ ಸಣ್ಣದಿರಲಿ, ದೊಡ್ಡದಿರಲಿ, ಈ ಪ್ರಮಾಣ ಬದಲಾಗುವುದಿಲ್ಲ ಎಂಬುದನ್ನು ಮಕ್ಕಳೇ ಸಾಧಿಸಿ ತೋರಿಸಿದರು.

ಡಿಪೋ ತೋರಿಸಿದರೆ ಮಕ್ಕಳ ಮನಸ್ಸು ಒರಟಾಗುವುದಿಲ್ಲವೇ ಎಂದು ಸಹೋದ್ಯೋಗಿಯೊಬ್ಬರು ಕೇಳಿದ್ದರು. ನನಗೆ ನೆನಪಾದದ್ದು ನಮ್ಮದೇ ತಾಲ್ಲೂಕಿನ ಕಳಸೆ ಕಾಡು. 1983ರ ಸೆಪ್ಟೆಂಬರಿನಲ್ಲಿ ಸಾಲ್ಕಣಿ ಕಡೆಯ ಜನ ಅಲ್ಲಿ ಕಡಿಯಲು ಗುರುತು ಹಾಕಿದ್ದ ಮರಗಳನ್ನು ಅಪ್ಪಿ ನಿಂತರು. ಅಪ್ಪಿಕೋ ಶುರುವಾದದ್ದು ಹಾಗೆ. ಆ ಚಳವಳಿ ಹೇಳಿದ್ದು ಉಳಿಸು, ಬೆಳೆಸು, ಬಳಸು ಎಂದು ಮೂರು ಮಾತು. ಅಪ್ಪಿ ನಿಂತ ಜನ ಮರವನ್ನು ಮುಟ್ಟಲೇಬಾರದು ಎಂದವರಲ್ಲ. ಸೊಪ್ಪು, ಸೌದೆ, ನೇಗಿಲು, ಮಾಡಿನ ಪಕಾಸಿ ಎಲ್ಲಕ್ಕೂ ಕಾಡನ್ನೇ ನಂಬಿದವರು. ಎಷ್ಟು ತೆಗೆದರೆ ಕಾಡು ಮತ್ತೆ ತುಂಬಿಕೊಳ್ಳುತ್ತದೆ ಎಂಬ ಲೆಕ್ಕ ಅವರಿಗಿತ್ತು. ಗುತ್ತಿಗೆದಾರನ ಕೊಡಲಿ ಆ ಲೆಕ್ಕ ಮೀರಿದ್ದನ್ನು ಅವರು ಕಂಡುಹಿಡಿದದ್ದೂ ಅದರಿಂದಲೇ.

ನಮ್ಮ ಶಾಲೆಗಳು ಉಳಿಸುವುದನ್ನು ಪ್ರಬಂಧಕ್ಕೆ, ಬೆಳೆಸುವುದನ್ನು ಜುಲೈ ತಿಂಗಳ ವನಮಹೋತ್ಸವಕ್ಕೆ ವಹಿಸಿ, ಬಳಸುವ ಪಾಠವನ್ನು ಮಾತ್ರ ನಾಟಾ ವ್ಯಾಪಾರಿಗೆ ಬಿಟ್ಟುಕೊಟ್ಟಿವೆ. ಹಾಗೆ ಕಲಿತ ಹುಡುಗ ದೊಡ್ಡವನಾದ ಮೇಲೆ ಮರ ಕಡಿಯುವುದು ಪಾಪ ಎಂದು ಭಾಷಣ ಮಾಡಿ, ಮನೆ ಕಟ್ಟಿಸುವಾಗ ಅಗ್ಗದ ನಾಟ ಎಲ್ಲಿಂದ ಬಂತೆಂದು ಕೇಳುವುದಿಲ್ಲ. ದಾರಿಬದಿಯ ಅಕೇಶಿಯಾ ನೆಡುತೋಪನ್ನು ಕಂಡು ಕಾಡು ಹೆಚ್ಚಾಗಿದೆ ಎಂದು ಸಂತೋಷಪಡುತ್ತಾನೆ. ಕಾಡು ಕಾಯಬೇಕಾದವನಿಗೆ ಪ್ರೀತಿಯ ಜೊತೆ ಲೆಕ್ಕವೂ ಗೊತ್ತಿರಬೇಕು.

ಪ್ರವಾಸದಿಂದ ಬಂದ ವಾರದಲ್ಲೇ ತಂದೆಯೊಬ್ಬರು ಶಾಲೆಗೆ ಬಂದರು. ಹೊಸ ಮನೆಯ ಕೆಲಸ ನಡೆದಿತ್ತು. ಮಗ ಆಚಾರಿಗಳ ಮುಂದೆ ಟೇಪು ಹಿಡಿದು ನಿಂತು, ದಿಮ್ಮಿಗೆ ಮುದ್ರೆ ಎಲ್ಲಿ, ಪಾಸು ಎಲ್ಲಿ ಎಂದು ಕೇಳಿದನಂತೆ. “ಅಕ್ಕೋರೇ, ನೀವು ಗಣಿತ ಕಲಿಸಿ, ಸಾಕು” ಎಂದರು. ನಾನು ಕಲಿಸಿದ್ದು ಗಣಿತವನ್ನೇ ಎಂದು ಹೇಳಿ ಕಳಿಸಿದೆ. ಈ ಸಲ ಎಲ್ಲ ಮಕ್ಕಳಿಗೂ ಒಂದು ಮನೆಗೆಲಸ ಕೊಟ್ಟಿದ್ದೇನೆ: ನಿಮ್ಮ ಮನೆಯ ಮುಂಬಾಗಿಲು ಯಾವ ಮರದ್ದು, ಎಲ್ಲಿಂದ ಬಂತು, ಎಷ್ಟು ನಾಟ ಹಿಡಿಯಿತು? ಗೈಡಿನಲ್ಲಿ ಇದಕ್ಕೆ ಉತ್ತರವಿಲ್ಲ, ಅಪ್ಪನನ್ನೇ ಕೇಳಬೇಕು.